ಸೋರೆಬಳ್ಳಿ ಹೊತ್ತ ಅಪವಾದ

ಕತ್ತರಿಯ ಎರಡು ಅಲಗುಗಳು ಕೂಡಿದ್ದೇ ತಡ, ಸೋರೆಬಳ್ಳಿಯ ಬುಡದಿಂದ ತಿಳಿನೀರು ಒಸರತೊಡಗಿತು. ಒಂದು ಹನಿ… ಮತ್ತೊಂದು ಹನಿ… ಕಾಜಮ್ಮ ಅದನ್ನು ನೋಡಲಿಲ್ಲ. ನೋಡುವ ವ್ಯವಧಾನವಾದರೂ ಅವಳಿಗೆಲ್ಲಿತ್ತು! ಕತ್ತರಿಯನ್ನು ತಾರಸಿಯ ಮೇಲೆ ಎಸೆದವಳೇ ಎರಡೂ ಕೈಗಳಿಂದ ಬಳ್ಳಿಯನ್ನು ಹಿಡಿದು ಹಗ್ಗದ ಚಪ್ಪರದಿಂದ ಜಗ್ಗಿದಳು. ಅಂಗೈಗಿಂತ ಅಗಲದ ಎಲೆಗಳು ಹರಿದವು. ಸುರುಳಿ ಸುತ್ತಿದ ಕುಡಿಗಳು, ತಾಯಿಯ ಕೊರಳು ತಬ್ಬಿದ ಮಗುವಿನ ಹಾಗೆ, ಹಗ್ಗವನ್ನು ಬಿಡಲೊಲ್ಲೆವೆಂದು ಹಟ ಹಿಡಿದವು. ಸಂಜೆಗೆಂದು ಆಗಷ್ಟೇ ಬಿರಿಯುತ್ತಿದ್ದ ಬಿಳಿಯ ಹೂಗಳು ಅವಳ ನರೆತ ತಲೆಯ ಮೇಲೆ ಉದುರಿದವು.

"ಬಿಡು… ಬಿಡು ಅಂದೆ! ನನ್ನ ಮಗನನ್ನ ನಾನು ನೋಡಬೇಕು!"

ಮುದುಕಿ ಬಳ್ಳಿಯ ಜೊತೆ ಜಗಳಕ್ಕೆ ನಿಂತಿದ್ದಾಳೆ ಎಂದು ನೀವು ನಗಬಹುದು. ನಗಬೇಡಿ. ಕೆಳಮನೆಯ ಲಾರಿ ತಾತನ ರೇಡಿಯೋ ಈಗತಾನೆ ಹೇಳಿತ್ತು, ಸಮುದ್ರದಲ್ಲಿ ಬಿರುಗಾಳಿ ಎದ್ದಿದೆ ಎಂದು. ಯಾವ ಸಮುದ್ರ, ಎಷ್ಟು ದೂರ ಎಂದು ಕೇಳುವಷ್ಟು ಹೊತ್ತೂ ನಿಲ್ಲದೆ, ಮಡಿಲಲ್ಲಿದ್ದ ಅಂಗಿಯನ್ನು ಬಿಸುಟು, ಕೈಯಲ್ಲಿದ್ದ ಕತ್ತರಿಯ ಸಮೇತ ಅವಳು ಮೆಟ್ಟಿಲು ಹತ್ತಿ ಬಂದಿದ್ದಳು. ಅವಳ ಒಬ್ಬನೇ ಮಗ ಹಡಗಿನಲ್ಲಿದ್ದ. ಈ ಸಲ ಹೊರಡುವ ಮುನ್ನ ಅವನು ತಾಯಿಯನ್ನು ಇದೇ ತಾರಸಿಗೆ ಕರೆದುಕೊಂಡು ಬಂದು, ನೆತ್ತಿಯ ಮೇಲೆ ಹೊಳೆಯುತ್ತಿದ್ದ ಕೆಂಪು ನಕ್ಷತ್ರವನ್ನು ತೋರಿಸಿ, "ಅಮ್ಮಾ, ಕತ್ತಲಾಗ್ತಿದ್ದ ಹಾಗೆ ನೀನು ಅದನ್ನ ನೋಡು. ಅಲ್ಲಿಂದ ನಾನೂ ನೋಡ್ತೀನಿ. ಇಬ್ಬರ ಕಣ್ಣೂ ಒಂದೇ ಕಡೆ ಇದ್ದರೆ ದೂರ ಅನ್ನೋದು ಎಲ್ಲಿರುತ್ತೆ?" ಎಂದಿದ್ದ. ಆ ಮಾತನ್ನು ಕಾಜಮ್ಮ ದೇವರ ಮಾತಿನ ಹಾಗೆ ಕಣ್ಣಿಗೊತ್ತಿಕೊಂಡಿದ್ದಳು. ಒಂದು ಸಂಜೆಯೂ ತಪ್ಪಿಸಿರಲಿಲ್ಲ. ನಕ್ಷತ್ರ ಕಂಡರೆ ಮಗ ಕ್ಷೇಮ. ಅಷ್ಟೇ ಅವಳ ಲೆಕ್ಕ.

ಆದರೆ ಆ ನಕ್ಷತ್ರ ದಿನ ಕಳೆದಂತೆ ಪಶ್ಚಿಮಕ್ಕೆ ವಾಲುತ್ತ ಹೋಗಿತ್ತು. ಅದೇ ಪಶ್ಚಿಮದ ಅಂಚಿನಲ್ಲಿ, ನೀರಿನ ಟ್ಯಾಂಕಿನ ಎರಡು ಕಂಬಗಳ ನಡುವೆ ಹಗ್ಗ ಬಿಗಿದು, ಸೊಸೆ ಸೋರೆಬಳ್ಳಿ ಹಬ್ಬಿಸಿದ್ದಳು. ಬಳ್ಳಿ ದಿನಕ್ಕೊಂದು ಗೇಣು ಏರುವುದು, ನಕ್ಷತ್ರ ದಿನಕ್ಕೊಂದು ಬೆರಳು ಇಳಿಯುವುದು… ಕೊನೆಗೊಂದು ಸಂಜೆ ಎರಡೂ ಸಂಧಿಸಿದವು. ಎಲೆಗಳ ಸಂದಿಯಲ್ಲಿ ಕೆಲವು ದಿನ ಮಿಣುಕಿ, ನಕ್ಷತ್ರ ಕಾಣದಾಯಿತು. ಬಳ್ಳಿ ತನ್ನ ನಕ್ಷತ್ರವನ್ನು ನುಂಗಿತು ಎಂದೇ ಕಾಜಮ್ಮ ತಿಳಿದಳು.

ಈಗ ಕಡೆಯ ಹಗ್ಗವೂ ಹರಿದು, ಹಸಿರು ಗೋಡೆಯಂತಿದ್ದ ಬಳ್ಳಿ ದೊಪ್ಪನೆ ಕೆಳಗೆ ಕುಸಿಯಿತು. ಪಶ್ಚಿಮ ಬಯಲಾಯಿತು. ಮುಳುಗಿದ ಸೂರ್ಯನ ಕೆಂಪು ಇನ್ನೂ ಆರಿರಲಿಲ್ಲ. ಎದುರಿನ ಕಟ್ಟಡದ ಟ್ಯಾಂಕುಗಳು, ತಂತಿಗಳು, ಒಣಗಲು ಹಾಕಿದ ಯಾರದೋ ಬಟ್ಟೆ… ಕಾಜಮ್ಮ ಕಣ್ಣುಜ್ಜಿಕೊಂಡಳು. ಆಕಾಶ ಕಪ್ಪಾಗುವವರೆಗೆ ಕಾದಳು. ಅಲ್ಲೊಂದು ಇಲ್ಲೊಂದು ಚುಕ್ಕಿ ಮೂಡಿತು. ಕೆಂಪು ನಕ್ಷತ್ರ ಮಾತ್ರ ಇರಲಿಲ್ಲ!

ಬಳ್ಳಿಯೂ ಇಲ್ಲ. ನಕ್ಷತ್ರವೂ ಇಲ್ಲ.

ಆಗಲೇ ಹಿಂದೆ ಮೆಟ್ಟಿಲ ಬಾಗಿಲು ಕಿರುಗುಟ್ಟಿದ್ದು. ಎರಡೂ ಕೈಗಳಲ್ಲಿ ನೀರಿನ ಬಕೆಟ್ ಹಿಡಿದು ಸೊಸೆ ನಿಂತಿದ್ದಳು. ಅವಳ ಬೆನ್ನಿಗೆ, ಡ್ಯೂಟಿ ಮುಗಿಸಿ ಬಂದ ಎದುರುಮನೆಯ ಕಂಡಕ್ಟರಮ್ಮ, ಖಾಕಿ ಅಂಗಿಯಲ್ಲೇ ಇನ್ನೊಂದು ಬಕೆಟ್ ಹೊತ್ತು.

"ಅಯ್ಯಯ್ಯೋ! ಕಾಜಮ್ಮ! ಏನ್ ಮಾಡಿದ್ರಿ ನೀವು! ಕಾಯಿ ಹಿಡಿದ ಬಳ್ಳಿ ಅಲ್ವಾ ಅದು! ನಿಮ್ಮ ಕೈಗೇನು ಬಂದಿತ್ತು ದೊಡ್ಡ ರೋಗ?"

ಸೊಸೆ ಅರಚಲಿಲ್ಲ. ಬಕೆಟ್ಟನ್ನು ಒಂದು ಹನಿಯೂ ತುಳುಕದಂತೆ ಕೆಳಗಿಟ್ಟಳು. ರಾಶಿಬಿದ್ದ ಎಲೆಗಳ ನಡುವೆ ಕೈಯಾಡಿಸಿ, ಹೆಬ್ಬೆರಳಿನಷ್ಟಿದ್ದ, ಮೈಮೇಲೆ ಇನ್ನೂ ನವಿರು ರೋಮವಿದ್ದ ಒಂದು ಹೀಚುಕಾಯಿಯನ್ನು ಹುಡುಕಿ ತೆಗೆದಳು. ಅದನ್ನು ಅಂಗೈಯಲ್ಲಿಟ್ಟುಕೊಂಡು ಅತ್ತೆಯ ಮುಖ ನೋಡಿದಳು.

"ಕಂಡಿತಾ ಅತ್ತೆ?"

ಅಷ್ಟೇ ಕೇಳಿದ್ದು. ಇಲ್ಲ ಎಂದರೆ ಮಾಡಿದ ಪಾಪಕ್ಕೆ ಫಲವೂ ಇಲ್ಲದಂತಾಗುತ್ತದೆ. ಜೊತೆಗೆ, ಇಲ್ಲ ಎಂದು ಬಾಯಿಬಿಟ್ಟು ಹೇಳಿದರೆ ಮಗನಿಗೇ ಏನೋ ಆಗಿಬಿಟ್ಟಿತು ಎಂದಂತೆ!

"ಹ್ಞೂಂ… ಕಂಡಿತು," ಎಂದಳು ಕಾಜಮ್ಮ.

"ಹಾಗಾದರೆ ಸರಿ ಬಿಡಿ."

ಸೊಸೆ ಮೆಟ್ಟಿಲಿಳಿದು ಹೋದಳು. ಮನೆಯೊಳಗೆ ಹೋಗಿ, ಕೋಣೆಯ ಮಂಚದ ಮೇಲೆ, ಗೋಡೆಯ ಕಡೆ ಮುಖ ಮಾಡಿ ಮಲಗಿದಳು.

ಗೋಡೆಯ ಕಡೆ ಮುಖ! ಹಿಂದೆಯೇ ಇಳಿದು ಬಂದ ಕಾಜಮ್ಮ ಹೊಸ್ತಿಲಲ್ಲೇ ನಿಂತುಬಿಟ್ಟಳು. ಏಕೆಂದರೆ ಆ ಮಲಗುವಿಕೆಯನ್ನು ಅವಳು ಮೊದಲೇ ನೋಡಿದ್ದಳು.

ಆ ಕಟ್ಟಡದವರೆಲ್ಲ ಅವಳನ್ನು ಕಾಜಮ್ಮ ಎಂದೇ ಕರೆಯುತ್ತಿದ್ದರು. ಹೊಲಿಗೆ ಕಾರ್ಖಾನೆಯಿಂದ ಬರುವ ಅಂಗಿಗಳಿಗೆ ಗುಂಡಿ ಕಟ್ಟುವುದು, ಅವು ತೂರುವ ಕಾಜಾ ಹೊಲಿಯುವುದು ಅವಳ ಕೆಲಸ. ಗಂಡ ತೀರಿಕೊಂಡ ಮೇಲೆ ಅದೇ ಸೂಜಿಯಲ್ಲಿ ಮಗನನ್ನು ಓದಿಸಿ ದೊಡ್ಡವನನ್ನಾಗಿ ಮಾಡಿದಳು. ಕೈ ಗಟ್ಟಿ, ಮಾತೂ ಗಟ್ಟಿ. ಸೊಸೆ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು, ಮೆತ್ತನೆಯ ದನಿಯವಳು. ಅತ್ತೆ ಹತ್ತು ಅಂದರೆ ಒಂದು ಅನ್ನುವವಳು. ಕೆಲವು ಸಲ ಆ ಒಂದೂ ಇಲ್ಲ.

ಹಿಂದಿನ ವರ್ಷ ಅವಳು ಬಸುರಿಯಾದಳು. ಏಳು ತಿಂಗಳು ತುಂಬಿತು. ಮಗು ಹುಟ್ಟಿತು. ಅಳಲಿಲ್ಲ. ಆಸ್ಪತ್ರೆಯ ದಾದಿ ಒಂದು ಬಿಳಿ ಬಟ್ಟೆಯಲ್ಲಿ ಸುತ್ತಿ ತಂದು ತೋರಿಸಿದಾಗ, ಅಜ್ಜಿಯಾಗಬೇಕಿದ್ದವಳ ದುಃಖ ಸಿಟ್ಟಾಗಿ ಹೊರಬಿತ್ತು. ಕೆಲವರ ದುಃಖಕ್ಕೆ ಬೇರೆ ಬಾಗಿಲೇ ಗೊತ್ತಿರುವುದಿಲ್ಲ. "ಊರವರ ಮಕ್ಕಳಿಗೆಲ್ಲ ಔಷಧಿ ಪೊಟ್ಟಣ ಕಟ್ಟಿಕೊಡ್ತೀಯಲ್ಲೇ! ನಿನ್ನ ಹೊಟ್ಟೆಯಲ್ಲಿದ್ದದ್ದನ್ನ ಕಾಪಾಡಿಕೊಳ್ಳೋಕೆ ಬರಲಿಲ್ಲವಾ?" ಎಂದುಬಿಟ್ಟಳು. ಹಾಸಿಗೆಯಲ್ಲಿದ್ದ ಹುಡುಗಿ ಆಗ ಮೆಲ್ಲಗೆ ಗೋಡೆಯ ಕಡೆ ತಿರುಗಿದಳು. ಅಂದು ತಿರುಗಿದವಳು ಮನೆಗೆ ಬಂದ ಮೇಲೂ ತಿರುಗಿಯೇ ಇದ್ದಳು. ಗಂಡ ಬಂದ, ಪಕ್ಕದಲ್ಲಿ ಕುಳಿತ, ಕೈಹಿಡಿದ, ರಜೆ ಮುಗಿದು ಹಡಗಿಗೆ ಹೋದ. ಅವಳು ಅಳಲೂ ಇಲ್ಲ.

ಅವಳನ್ನು ಎಬ್ಬಿಸಿದ್ದು ಕಂಡಕ್ಟರಮ್ಮ. ಒಂದು ದಿನ ಒಣಗಿದ ಸೋರೆಬುರುಡೆಯೊಂದನ್ನು ತಂದು, ಮಂಚದ ಪಕ್ಕ ಗಲಗಲ ಅಲ್ಲಾಡಿಸಿ, "ನೋಡಮ್ಮಾ, ಯಾರೋ ಪ್ಯಾಸೆಂಜರ್ ಬಸ್ಸಲ್ಲಿ ಬಿಟ್ಟು ಹೋದ್ರು. ಒಳಗೆ ಬೀಜ ಇದೆ. ವಾರಸುದಾರರಿಲ್ಲದ ಸಾಮಾನು ಮೂರು ದಿನ ಇಟ್ಕೋಬಹುದು, ಆಮೇಲೆ ಡಿಪೋಗೆ ಕೊಡಬೇಕು. ಡಿಪೋದವರು ಇದನ್ನ ಫುಟ್‌ಬಾಲ್ ಆಡ್ತಾರೆ. ನೀನೇ ಇಟ್ಕೋ," ಎಂದಳು. ಆ ಹುಡುಗಿಗೆ ಏನನ್ನಿಸಿತೋ, ದೇವರೇ ಬಲ್ಲ. ಮಾರನೆಯ ದಿನ ಎದ್ದು ಕೂತು ಬುರುಡೆ ಒಡೆದಳು. ಅದರ ಮರುದಿನ ಮಣ್ಣು ಕೇಳಿದಳು.

ಮಣ್ಣನ್ನು ಲಾರಿ ತಾತ ತಂದ. ವಯಸ್ಸಿನಲ್ಲಿ ಸರಕು ಹೊತ್ತ ಲಾರಿ ಓಡಿಸಿ ಓಡಿಸಿ ಸೊಂಟ ಕಳೆದುಕೊಂಡವನು, ಈಗ ಯಾರು ಕರೆದರೂ "ಲೋಡಿಂಗಾ, ಅನ್‌ಲೋಡಿಂಗಾ?" ಎಂದೇ ಕೇಳುತ್ತಿದ್ದ. ಒಬ್ಬರು ಒಡೆದ ಬಕೆಟ್ ಕೊಟ್ಟರು, ಇನ್ನೊಬ್ಬರು ಹಳೆಯ ಬಣ್ಣದ ಡಬ್ಬ, ಮತ್ತೊಬ್ಬರು ಟೊಮೇಟೊ ಸಸಿ. ತಾರಸಿಗೆ ನಲ್ಲಿ ಇರಲಿಲ್ಲ. ಆದ್ದರಿಂದ ಸಂಜೆ ಮೇಲೆ ಹೋಗುವವರೆಲ್ಲ ಒಂದು ಚೊಂಬು ನೀರು ಹಿಡಿದು ಹೋಗುವುದು ತಾನಾಗಿಯೇ ರೂಢಿಯಾಯಿತು. ಬರಿಗೈಯಲ್ಲಿ ಬಂದವರನ್ನು ಕಂಡಕ್ಟರಮ್ಮ "ಟಿಕೆಟ್ ಎಲ್ಲಿ?" ಎಂದು ತಡೆಯುತ್ತಿದ್ದಳು. ಅದುವರೆಗೆ ಮೆಟ್ಟಿಲಲ್ಲಿ ಎದುರಾದರೆ ಕಣ್ಣು ತಪ್ಪಿಸುತ್ತಿದ್ದ ಮನೆಗಳು ಟೊಮೇಟೊ ಗಿಡದ ಮುಂದೆ ನಿಂತು ಸಂಸಾರದ ಕಷ್ಟಸುಖ ಮಾತಾಡಿಕೊಂಡವು. ಗಿಡ ನೋಡಲು ಬಂದವರು ಕತ್ತಲಾದ ಮೇಲೂ ಉಳಿದು, ಕಾಜಮ್ಮನ ಪಕ್ಕ ಚಾಪೆ ಹಾಕಿ, ಅವಳ ಮಗನ ನಕ್ಷತ್ರವನ್ನು ತಾವೂ ನೋಡಿದರು. "ಏನಂತಾನೆ ನಿಮ್ಮ ಮಗ ಇವತ್ತು?" "ಊಟ ಆಯ್ತಂತೆ." ನಗು. ಸೊಸೆಯೂ ನಕ್ಕಳು, ಒಂದು ಸಲ. ಕಾಜಮ್ಮ ಅದನ್ನು ನೋಡಿದ್ದಳು. ನೋಡಿಯೂ ಒಳ್ಳೆಯ ಮಾತೊಂದನ್ನು ಆಡಿರಲಿಲ್ಲ.

ಸೋರೆಗೆ ಹೂವಾದಾಗ ಇನ್ನೊಂದು ಪಾಡು. ಅಷ್ಟು ಎತ್ತರಕ್ಕೆ ಪತಂಗಗಳು ಬರುತ್ತಿರಲಿಲ್ಲವೋ ಏನೋ, ಹೆಣ್ಣುಹೂಗಳ ಬುಡದ ಹೀಚು ಹಳದಿಯಾಗಿ ಉದುರುತ್ತಿತ್ತು. ಒಂದೊಂದು ಉದುರಿದಾಗಲೂ ಸೊಸೆಯ ಮುಖ ಬಿಳಿಚಿಕೊಳ್ಳುತ್ತಿತ್ತು. ಆಮೇಲೆ ಅವಳೇ ಸಂಜೆ ಗಂಡುಹೂವನ್ನು ಕಿತ್ತು, ಹೆಣ್ಣುಹೂವಿಗೆ ಮುಟ್ಟಿಸತೊಡಗಿದಳು. ಉಸಿರು ಬಿಗಿಹಿಡಿದು, ಮಗುವಿನ ಹಣೆಗೆ ಬೊಟ್ಟಿಡುವಷ್ಟು ಮೃದುವಾಗಿ. ಹಾಗೆ ಹಿಡಿದು ನಿಂತದ್ದು ಒಂದೇ ಕಾಯಿ.

ಈಗ ಹೇಳಿ, ಕಾಜಮ್ಮ ಕತ್ತರಿಸಿದ್ದು ಬಳ್ಳಿಯನ್ನೇ?

ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬಂದೀತೇ? ಸೊಸೆ ಅಂಗಡಿಗೆ ಹೋಗಲಿಲ್ಲ. ತಟ್ಟೆ ಇಟ್ಟರೆ ಎರಡು ತುತ್ತು. ಇಡದಿದ್ದರೆ ಅದೂ ಇಲ್ಲ. ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು, ಆದರೆ ಗೋಡೆಗೆ. ಅವಳು ಈ ಸಲ ಏಳದಿದ್ದರೆ? ಆ ಪ್ರಶ್ನೆ ಕಾಜಮ್ಮನ ಎದೆಯಲ್ಲಿ ಮುರಿದ ಸೂಜಿಯ ಹಾಗೆ ಕುಳಿತಿತು. ಮೊದಲ ಸಲ ನೋಯಿಸಿದ್ದೂ ತಾನೇ. ಎರಡನೆಯ ಸಲವೂ ತಾನೇ. ಮೂರನೆಯದಕ್ಕೆ ಆ ಹುಡುಗಿಯಲ್ಲಿ ಏನು ಉಳಿದಿದೆ?

ತಾರಸಿಗೆ ಯಾರೂ ಬರುತ್ತಿರಲಿಲ್ಲ. ಮೆಟ್ಟಿಲಲ್ಲಿ ಎದುರಾದವರು ಮತ್ತೆ ಕಣ್ಣು ತಪ್ಪಿಸಿದರು. ಕಾಜಮ್ಮ ಒಬ್ಬಳೇ ಮೇಲೆ ಹೋಗಿ ಪಶ್ಚಿಮವನ್ನು ನೋಡುವಳು. ಖಾಲಿ. ಒಂದು ಸಂಜೆ ಲಾರಿ ತಾತ ಗೋಡೆ ಹಿಡಿದು ಹಿಡಿದು ಮೇಲೆ ಬಂದ. ಬಾಡುತ್ತಿದ್ದ ಗಿಡಗಳನ್ನು ನೋಡಿದ, ಮುದುಕಿಯನ್ನು ನೋಡಿದ.

"ಏನು ಹುಡುಕ್ತಿದ್ದೀಯ ಕಾಜಮ್ಮ?"

ಅವಳು ತಡೆಯಲಾರದೆ ಹೇಳಿಬಿಟ್ಟಳು. "ನಕ್ಷತ್ರ ಇಲ್ಲ ತಾತ… ಅವತ್ತೂ ಇರಲಿಲ್ಲ. ನಾನು ಸುಳ್ಳು ಹೇಳಿದೆ. ನನ್ನ ಮಗ… ನನ್ನ ಮಗನಿಗೆ…"

"ನಿನ್ನ ಮಗನಿಗೇನೂ ಆಗಿಲ್ಲ, ಸುಮ್ಮನಿರು. ಆ ಕೆಂಪು ನಕ್ಷತ್ರ ಹಾಗೇ. ಲಾರಿ ಓಡಿಸೋವಾಗ ನೋಡಿದೀನಲ್ಲ. ಕೆಲವು ತಿಂಗಳು ಸಂಜೆ ಹೊತ್ತು ಎದುರಿಗೇ ಇರುತ್ತೆ. ಆಮೇಲೆ ಸೂರ್ಯನ ಹಿಂದೆಯೇ ಮುಳುಗಿ ಹೋಗುತ್ತೆ. ಮತ್ತೆ ಬರುತ್ತೆ. ಯಾವಾಗ ಅಂತ ಕೇಳಬೇಡ, ಅದೇನು ನನ್ನ ಕೇಳಿ ಬರಲ್ಲ."

"ಅಂದರೆ… ಬಳ್ಳಿ ಇಲ್ಲದಿದ್ದರೂ…?"

"ಬಳ್ಳಿ ಇರಲಿ ಬಿಡಲಿ, ಅದು ಹೋಗೋದೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದೆಯಲ್ಲಮ್ಮ ನೀನು!"

ಕಾಜಮ್ಮ ಬಾಡಿದ ಬಳ್ಳಿಯ ರಾಶಿಯ ಪಕ್ಕದಲ್ಲಿ ಕುಸಿದು ಕೂತಳು.

ಮಗನ ಫೋನು ಬಂದದ್ದು ಅದಾದ ಎರಡು ಮೂರು ದಿನಕ್ಕೆ. ಹಡಗು ಯಾವುದೋ ಬಂದರಿಗೆ ಬಂದಿತ್ತು. ಬಿರುಗಾಳಿ ಅವರ ದಾರಿಯ ಹತ್ತಿರಕ್ಕೂ ಸುಳಿದಿರಲಿಲ್ಲ. ಅವನ ದನಿ ಕೇಳುತ್ತಲೇ ಕಾಜಮ್ಮ ಅಡುಗೆಮನೆಯ ಕಟ್ಟೆಗೆ ಆತು ನಿಂತು ಅತ್ತಳು. ಕಣ್ಣೊರೆಸಿಕೊಂಡು, ಮಗುವಿನ ಹಾಗೆ ಕೇಳಿದಳು:

"ಅಪ್ಪಾ, ಸಂಜೆ ಹೊತ್ತು ನಕ್ಷತ್ರ ನೋಡ್ತೀಯಲ್ಲ? ನಿನಗೂ ಈಗ ಕಾಣ್ತಿಲ್ಲ ಅಲ್ವಾ?"

"ಯಾವ ನಕ್ಷತ್ರ ಅಮ್ಮಾ?" ಎಂದ ಅವನು.

"ಯಾವುದು ಅಂದರೆ! ಕೆಂಪು ನಕ್ಷತ್ರ ಕಣೋ! ನೀನೇ ತೋರಿಸಿದ್ದಲ್ಲ!"

"ಓ… ಅದಾ…" ಅವನು ಉಸಿರೆಳೆದುಕೊಂಡ. "ಅಮ್ಮಾ, ಬೇಜಾರು ಮಾಡ್ಕೋಬೇಡ. ನಾನಿರೋದು ಇಂಜಿನ್ ರೂಮಲ್ಲಿ. ಹಡಗಿನ ಹೊಟ್ಟೆಯೊಳಗೆ. ಆಕಾಶ ನೋಡಿ ವಾರಗಟ್ಟಲೆ ಆಗಿರುತ್ತೆ. ನಿನಗೆ ಸಂಜೆ ಆದಾಗ ನನಗೆ ಇನ್ನೇನೋ ಹೊತ್ತು."

"ಮತ್ತೆ… ಯಾಕೆ ಹೇಳಿದೆ ಹಾಗೆ?"

"ಅವಳು ಹೇಳು ಅಂದಳು."

"ಯಾರು?"

"ನಿನ್ನ ಸೊಸೆ. ನಾನು ಹೊರಡೋ ಹಿಂದಿನ ದಿನ, ಮಲಗಿದ್ದ ಕಡೆಯಿಂದಲೇ ಹೇಳಿದಳು. 'ನೀವು ಇಲ್ಲದಾಗ ಅತ್ತೆ ಕತ್ತಲಾಗ್ತಿದ್ದ ಹಾಗೆ ಅಡುಗೆಮನೆ ಬಾಗಿಲು ಹಾಕ್ಕೊಂಡು ಅಳ್ತಾರೆ. ನಂಗೆ ಕೇಳಿಸುತ್ತೆ. ಎದ್ದು ಹೋಗಿ ಸಮಾಧಾನ ಮಾಡೋ ಶಕ್ತಿ ನನಗಿಲ್ಲ, ನಾನು ಹೇಳಿದರೆ ಅವರು ಕೇಳೋದೂ ಇಲ್ಲ. ಮೇಲೆ ಕರ್ಕೊಂಡು ಹೋಗಿ ಏನಾದರೂ ಒಂದು ನಕ್ಷತ್ರ ತೋರಿಸಿ, ನಾನೂ ನೋಡ್ತೀನಿ ಅನ್ನಿ. ದಿನಾ ಗಾಳಿಗೆ ಹೋಗಿ ಕೂರ್ತಾರೆ, ನಾಲ್ಕು ಜನರ ಜೊತೆ ಮಾತಾಡ್ತಾರೆ,' ಅಂದಳು. ಅಮ್ಮಾ…? ಅಮ್ಮಾ, ಕೇಳಿಸ್ತಿದೆಯಾ?"

ಕೇಳಿಸುತ್ತಿತ್ತು. ಅಯ್ಯೋ, ಎಷ್ಟು ತಡವಾಗಿ ಕೇಳಿಸುತ್ತಿತ್ತು! ಹೆತ್ತ ಮಗುವನ್ನು ಕಳೆದುಕೊಂಡು, ತನ್ನಿಂದಲೇ ಬೈಸಿಕೊಂಡು, ಗೋಡೆಗೆ ಮುಖ ಮಾಡಿ ಮಲಗಿದ್ದ ಹುಡುಗಿ, ಆ ಗೋಡೆಯಾಚೆ ಅಳುತ್ತಿದ್ದ ಅತ್ತೆಯ ಅಳು ಕೇಳಿಸಿಕೊಂಡಿದ್ದಳು! ಯಾವ ನಕ್ಷತ್ರಕ್ಕಾಗಿ ತಾನು ಅವಳ ಬಳ್ಳಿಯನ್ನು ಕೊಯ್ದಳೋ, ಆ ನಕ್ಷತ್ರವನ್ನು ತನಗೆ ಕೊಟ್ಟವಳೇ ಅವಳು!

ಕಾಜಮ್ಮ ಫೋನಿಟ್ಟು ಕೋಣೆಗೆ ಹೋದಳು. ದೀಪ ಹಾಕಲಿಲ್ಲ. ಕಿಟಕಿಯಿಂದ ಬೀಳುತ್ತಿದ್ದ ಇಳಿಹೊತ್ತಿನ ಬೆಳಕೇ ಸಾಕಾಗಿತ್ತು. ಜೀವಮಾನದಲ್ಲಿ ಮೊದಲ ಬಾರಿಗೆ ಸೊಸೆಯ ಮಂಚದ ಬಳಿ, ನೆಲದ ಮೇಲೆ ಕುಳಿತಳು.

"ಎಚ್ಚರ ಇದ್ದೀಯೇನೇ?"

"ಹ್ಞೂಂ."

"ಅವತ್ತು ನಕ್ಷತ್ರ ಕಾಣಲಿಲ್ಲ ಕಣೇ. ಕಂಡಿತು ಅಂತ ಸುಳ್ಳು ಹೇಳಿದೆ."

ಗೋಡೆಯ ಕಡೆಯಿಂದಲೇ ದನಿ ಬಂತು.

"ಗೊತ್ತಿತ್ತು ಅತ್ತೆ."

"ಗೊತ್ತಿತ್ತಾ!"

"ಅದು ಮುಳುಗಿ ಆಗಲೇ ಎಷ್ಟೋ ದಿನ ಆಗಿತ್ತು. ಬಳ್ಳಿಗೆ ನೀರು ಹಾಕ್ತಾ ನಾನೂ ನೋಡ್ತಿದ್ದೆ. ಟ್ಯಾಂಕಿನ ಏಣಿ ಹತ್ತಿ ಚಪ್ಪರದ ಮೇಲಿಂದ ನೋಡಿದರೂ ಇರಲಿಲ್ಲ."

"ಮತ್ತೆ ಯಾಕೆ ಹೇಳಲಿಲ್ಲ? ದಿನಾ ನಾನು ನಿನ್ನ ಬಳ್ಳಿ ಅಡ್ಡ ಬಂತು, ನಿನ್ನ ಬಳ್ಳಿ ನನ್ನ ಮಗನನ್ನ ಮರೆ ಮಾಡ್ತು ಅಂತ ಬಾಯಿಗೆ ಬಂದ ಹಾಗೆ ಬೈತಿದ್ದೆನಲ್ಲ! ಒಂದು ಮಾತು ಹೇಳಬಾರದಿತ್ತಾ?"

"ಏನಂತ ಹೇಳಲಿ? ನಕ್ಷತ್ರವೇ ಇಲ್ಲ ಅಂದರೆ ನೀವು… ಅವರಿಗೇನೋ ಆಯ್ತು ಅಂದ್ಕೊಳ್ತಿದ್ರಿ. ಊಟ ಬಿಡ್ತಿದ್ರಿ. ಬಳ್ಳಿ ಅಡ್ಡ ಇದೆ ಅಂದ್ಕೊಂಡರೆ, ಅದರ ಹಿಂದೆ ಇದೆ ಅನ್ನೋ ಧೈರ್ಯ ಆದ್ರೂ ಇರುತ್ತಲ್ಲ… ಬೈದರೆ ಬೈಲಿ, ಬಳ್ಳಿಗೇನು ನೋವಾಗುತ್ತಾ, ನನಗೂ ರೂಢಿ ಇದೆ, ಅಂತ ಸುಮ್ಮನಿದ್ದೆ." ಅವಳ ದನಿ ಸಣ್ಣಗೆ ಒಡೆಯಿತು. "ಕತ್ತರಿ ತರ್ತೀರಿ ಅಂತ ಮಾತ್ರ ಅಂದ್ಕೊಂಡಿರಲಿಲ್ಲ ಅತ್ತೆ…"

ಒಂದು ಮನೆಯಲ್ಲಿ, ಒಂದು ಗೋಡೆಯ ಎರಡು ಕಡೆ ಇಬ್ಬರು ಹೆಂಗಸರು. ಒಬ್ಬಳು ಬಾಯಿಬಿಟ್ಟು ಕೊಂದಳು, ಇನ್ನೊಬ್ಬಳು ಬಾಯಿಮುಚ್ಚಿ ಕಾದಳು. ಆಡಬಾರದ್ದನ್ನು ಆಡಿದ್ದಕ್ಕೂ ಆಡಬೇಕಾದ್ದನ್ನು ಆಡದಿದ್ದಕ್ಕೂ ನಡುವೆ ಒಂದು ಹಸಿರು ಜೀವ ಹೋಗಿತ್ತು.

"ಆಸ್ಪತ್ರೆಯಲ್ಲಿ ನಾನೊಂದು ಮಾತಾಡಿದೆ," ಎಂದಳು ಕಾಜಮ್ಮ. "ಅದನ್ನ ನಿನ್ನ ಕಿವಿಯಿಂದ ತೆಗೆಯೋ ವಿದ್ಯೆ ನನಗೆ ಗೊತ್ತಿಲ್ಲ. ಹೊಲಿಗೆಯಾಗಿದ್ದರೆ ಬಿಚ್ಚಬಹುದಿತ್ತು. ದೇವರ ಮುಂದೆ ನಿಂತರೂ ನನಗೆ ಅದೇ ಮಾತು ಕೇಳಿಸುತ್ತೆ ಕಣೇ… ಆ ಮಗು… ಅದರ ಬೆರಳುಗಳು ಉದ್ದ ಇದ್ದವು. ನಿನ್ನ ಹಾಗೆ. ನಾನು ನೋಡಿದೆ. ನೋಡಿದ್ದನ್ನ ನಿನಗೆ ಹೇಳಲಿಲ್ಲ. ನೀನು ನೋಡಲಿಲ್ಲ ಅಲ್ವಾ?"

ಮಂಚ ಅಲುಗಿತು. "ಇಲ್ಲ…" ಎಂದಳು ಸೊಸೆ. "ಯಾರೂ ಸರಿಯಾಗಿ ತೋರಿಸಲಿಲ್ಲ…"

"ತಲೆ ತುಂಬ ಕೂದಲು. ಕಿವಿ ನಮ್ಮ ಮನೆಯವರ ಹಾಗೆ, ದೊಡ್ಡವು. ಬಾಯಿ ಮಾತ್ರ ನಿನ್ನದೇ. ಮುಚ್ಚಿಕೊಂಡಿತ್ತು, ಪಾಪ, ಏನನ್ನೂ ದೂರಲ್ಲ ಅನ್ನೋ ಹಾಗೆ…"

ಆಗ ಅವಳು ಅತ್ತಳು! ಅಷ್ಟು ತಿಂಗಳು ಕಟ್ಟಿಟ್ಟಿದ್ದ ಅಳು ಒಡ್ಡು ಒಡೆದು ಬಂತು. ಎದುರುಮನೆಯ ಬಾಗಿಲು ತೆರೆದು ಮುಚ್ಚಿದ್ದು ಕೇಳಿಸಿತು. ಕಂಡಕ್ಟರಮ್ಮನಂಥ ಕಂಡಕ್ಟರಮ್ಮನೂ ಒಳಗೆ ಬರದೆ ಹಿಂದಿರುಗಿದ್ದಳು. ಕಾಜಮ್ಮ ಸೊಸೆಯನ್ನು ತಬ್ಬಲಿಲ್ಲ. ಅಷ್ಟು ಹಕ್ಕು ತನಗಿನ್ನೂ ಇಲ್ಲವೆಂದು ಅವಳಿಗೆ ಗೊತ್ತಿತ್ತು. ಮಂಚದ ಅಂಚಿನಲ್ಲಿ ಕೈ ಇಟ್ಟುಕೊಂಡು ಕೂತಳು, ಅಷ್ಟೆ. ಅಳು ಇಳಿದ ಮೇಲೆ ಕೇಳಿದಳು:

"ಮೇಲೆ ಬರ್ತೀಯಾ ಒಂದು ಗಳಿಗೆ? ಗಿಡ ಎಲ್ಲ ಬಾಡ್ತಿವೆ."

"ಆಗಲ್ಲ ಅತ್ತೆ. ಅಲ್ಲಿ ನೋಡೋಕೆ ಆಗಲ್ಲ ನನಗೆ."

"ಬೇಡ. ಆದಾಗ ಬಾ."

ಕ್ಷಮೆ ಎಂಬುದು ಕೇಳಿದ ಕೂಡಲೇ ಕೊಡಲು ಅಂಗಡಿಯಲ್ಲಿ ಸಾಲಾಗಿಟ್ಟ ಸಾಮಾನಲ್ಲ. ಕಾಜಮ್ಮ ಅದನ್ನು ಅರಿತಳು. ಮರುದಿನ ಅವಳೇ ಬಕೆಟ್ ಎತ್ತಿದಳು. ಮಂಡಿ ನೋವಿಗೆ ಪ್ರತಿ ಮೆಟ್ಟಿಲಿಗೂ ದೇವರನ್ನು ಕರೆಯುತ್ತ, ಅರ್ಧ ನೀರು ಮೆಟ್ಟಿಲಿಗೆ, ಅರ್ಧ ಗಿಡಕ್ಕೆ ಎಂಬಂತೆ ಹೊತ್ತಳು. ಒಣಗಿದ ಬಳ್ಳಿಯನ್ನು ತಾನೇ ತುಂಡು ಮಾಡಿ, ಮಣ್ಣಿನಲ್ಲಿ ಮುಚ್ಚಿ, ಲಾರಿ ತಾತನ ಮನೆಯಿಂದ ಒಂದು ಹಿಡಿ ಕುಂಬಳದ ಬೀಜ ತಂದಳು. ಜೀವಮಾನವೆಲ್ಲ ಸೂಜಿ ಹಿಡಿದವಳಿಗೆ ಬೀಜ ಎತ್ತ, ಮಣ್ಣು ಎತ್ತ!

"ಕಾಜಮ್ಮ, ಅದು ಹಾಗಲ್ಲ," ಎಂದು ಕಂಡಕ್ಟರಮ್ಮ ಬಾಯಿ ತೆರೆದಾಗ ಅವಳು ಮಣ್ಣಿನ ಕೈಯಲ್ಲೇ ತಡೆದಳು.

"ಯಾರೂ ನನಗೆ ಹೇಳಿಕೊಡಬೇಡಿ."

"ಮತ್ತೆ ಎಲ್ಲ ಹಾಳಾಗುತ್ತಲ್ಲಮ್ಮ!"

"ಆಗಲಿ. ಹೇಳಿಕೊಡೋಳು ಬೇರೆ ಇದ್ದಾಳೆ. ಅವಳು ಬಂದು ಹೇಳೋವರೆಗೆ ನಾನು ಹೀಗೇ ಮಾಡೋದು."

ಕಂಡಕ್ಟರಮ್ಮ ಒಂದು ಕ್ಷಣ ಅವಳ ಮುಖ ನೋಡಿದಳು. ಖಾಕಿ ತೋಳಿನಿಂದ ಮೂಗೊರೆಸಿಕೊಂಡಳು. ಅಂದಿನಿಂದ ಆ ಕಟ್ಟಡಕ್ಕೊಂದು ಹೊಸ ಕೆಲಸ ಸಿಕ್ಕಿತು. ಸಂಜೆಯಾಗುತ್ತಲೇ ಒಬ್ಬೊಬ್ಬರಾಗಿ ಮತ್ತೆ ಮೇಲೆ ಬಂದು, ಕೈಕಟ್ಟಿ ನಿಂತು, ಕಾಜಮ್ಮನ ತೋಟಗಾರಿಕೆಯನ್ನು ಹಲ್ಲುಕಚ್ಚಿ ನೋಡುವುದು. ಇಳಿಯುವಾಗ ಕಂಡಕ್ಟರಮ್ಮ ಬಸ್‌ಸ್ಟಾಪ್ ಕೂಗುವ ದನಿಯಲ್ಲಿ, ಆ ಕೋಣೆಗೆ ಕೇಳುವಂತೆ, ಸಮಾಚಾರ ಸಾರುವುದು.

"ನಿಮ್ಮತ್ತೆ ಇವತ್ತು ಗಿಡಕ್ಕೆ ಸೋಪಿನ ನೀರು ಹಾಕಿದಾರೆ! ನೊರೆ ಬರ್ತಿದೆ, ನೊರೆ!"

ಮಾರನೆಯ ದಿನ: "ಬೀಜ ಹೂಳೋಕೆ ಮೊಳಕೈವರೆಗೆ ಗುಂಡಿ ತೋಡಿದಾರಮ್ಮಾ! ಬೀಜ ಹಾಕ್ತಿದ್ದಾರೋ ಬಾವಿ ತೆಗೀತಿದ್ದಾರೋ!"

ಒಳಗೆ ಸೊಸೆ ಮಗ್ಗುಲು ಬದಲಿಸಿದಳು. ಹೊಸ್ತಿಲಲ್ಲಿ ನಿಂತಿದ್ದ ಕಾಜಮ್ಮ ಅದನ್ನು ಕಂಡಳು. ಮುಖ ಗೋಡೆಯ ಕಡೆ ಇರಲಿಲ್ಲ. ಸೂರಿನ ಕಡೆ ಇತ್ತು. ಅಷ್ಟು ದಾರಿ ಸಾಗಿತ್ತು.

ಮತ್ತೊಂದು ಸಂಜೆ. ಟೊಮೇಟೊ ಗಿಡಗಳು ಬಾಗಿದ್ದವು. ಕಾಜಮ್ಮ ಕೋಲು ನೆಟ್ಟು, ತನಗೆ ಗೊತ್ತಿದ್ದ ಒಂದೇ ವಿದ್ಯೆಯನ್ನು ಅವಕ್ಕೂ ಕಲಿಸಿದಳು: ಕೋಟಿನ ಗುಂಡಿಗೆ ಸುತ್ತುವ ದಪ್ಪ ದಾರವನ್ನು ಕಾಂಡಕ್ಕೂ ಕೋಲಿಗೂ ಸೇರಿಸಿ, ಸುತ್ತಿನ ಮೇಲೆ ಸುತ್ತು ಹಾಕಿ, ಹಲ್ಲಿನಿಂದ ಕಚ್ಚಿ ಬಿಗಿದಳು. ಯಾವ ಒಗೆತಕ್ಕೂ ಬಿಚ್ಚದ ಗಂಟು. ಗುಂಪಿನಲ್ಲಿ ಯಾರೋ "ಅಯ್ಯೋ" ಎಂದರು. ಕಂಡಕ್ಟರಮ್ಮ ಮೆಟ್ಟಿಲ ಬಾಯಿಗೆ ಓಡಿದಳು.

"ಟೊಮೇಟೊ ಗಿಡಕ್ಕೆ ನೇಣು ಹಾಕಿದಾರಮ್ಮಾ ನಿಮ್ಮತ್ತೆ! ಜೀವ ಹೋಗುತ್ತೆ ಈಗ!"

ಕೆಳಗೆ ಬಾಗಿಲು ತೆರೆದ ಸದ್ದು. ಮೆಟ್ಟಿಲ ಮೇಲೆ ಹೆಜ್ಜೆ. ನಿಂತಿತು. ಮತ್ತೆ ಹೆಜ್ಜೆ. ತಾರಸಿಯ ಮೇಲಿದ್ದವರೆಲ್ಲ ಉಸಿರು ಬಿಗಿಹಿಡಿದರು. ಲಾರಿ ತಾತ ಸುಮ್ಮನೆ ಆಕಾಶ ನೋಡುವ ನಟನೆ ಮಾಡಿದ. ಕಾಜಮ್ಮ ತಿರುಗಿ ನೋಡಲಿಲ್ಲ. ತಿರುಗಿದರೆ ಹೆಜ್ಜೆ ಹಿಂದಿರುಗೀತೆಂಬ ಭಯ. ಮನಸ್ಸಿನಲ್ಲೇ, ತಾನು ಎಂದೂ ಏನನ್ನೂ ಇಷ್ಟು ಬೇಡಿರದ ದೇವರನ್ನು ಬೇಡಿದಳು.

ಬಾಗಿಲು ಕಿರುಗುಟ್ಟಿತು. ಕೆದರಿದ ಕೂದಲು, ಇಳಿದ ಕೆನ್ನೆ. ಸೊಸೆ ಖಾಲಿ ಬಿದ್ದಿದ್ದ ಪಶ್ಚಿಮದ ಕಂಬಗಳ ಕಡೆ ಒಮ್ಮೆ ನೋಡಿದಳು. ತುಟಿ ಕಚ್ಚಿದಳು. ಆಮೇಲೆ ದೃಷ್ಟಿ ಟೊಮೇಟೊ ಗಿಡಗಳ ಮೇಲೆ ಬಿತ್ತು.

"ಏನಿದು ಅತ್ತೆ!"

ಆ ದನಿ! ಮದುವೆಯಾಗಿ ಬಂದಾಗಿನಿಂದ ಅವಳ ಬಾಯಲ್ಲಿ ಯಾರೂ ಕೇಳಿರದ ದನಿ ಅದು. ಗದರಿಕೆ!

"ಇಷ್ಟು ಬಿಗಿಯಾಗಿ ಯಾರಾದ್ರೂ ಕಟ್ತಾರಾ? ನಾಳೆ ಕಾಂಡ ದಪ್ಪ ಆಗಲ್ವಾ? ಎಲ್ಲಿಗೆ ಹೋಗಬೇಕು ಅದು? ಗಿಡ ಅಂದರೆ ಅಂಗಿ ಅಂದ್ಕೊಂಡ್ರಾ? ಸೋಪಿನ ನೀರು ಬೇರೆ! ಇಷ್ಟು ವಯಸ್ಸಾಗಿದೆ, ಒಂದು ಮಾತು ಕೇಳಬಾರದಾ?"

"ಯಾರನ್ನ ಕೇಳಲಿ?" ಎಂದಳು ಕಾಜಮ್ಮ, ತಪ್ಪು ಮಾಡಿ ಸಿಕ್ಕಿಬಿದ್ದ ಶಾಲೆ ಹುಡುಗಿಯ ಹಾಗೆ.

"ಇಷ್ಟು ಜನ ನಿಂತಿದ್ದೀರಲ್ಲ, ನೀವಾದ್ರೂ ಹೇಳಬಾರದಿತ್ತಾ?"

"ನಾವೇನು ಮಾಡೋಣಮ್ಮ?" ಎಂದಳು ಕಂಡಕ್ಟರಮ್ಮ. "ನಮ್ಮ ಬಾಯಿಗೆಲ್ಲ ಗುಂಡಿ, ಕಾಜಾ ಹಾಕಿ ಹೊಲಿದುಬಿಟ್ಟಿದ್ರು ನಿಮ್ಮತ್ತೆ. ಹೇಳಿದರೆ ನೀನೇ ಹೇಳಬೇಕಂತೆ."

ಸೊಸೆ ಅತ್ತೆಯನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ನಗಲಿಲ್ಲ, ಅಳಲಿಲ್ಲ. ನೋವೆಲ್ಲ ತೊಳೆದು ಹೋಯಿತೆಂದೂ ಆ ಮುಖ ಹೇಳಲಿಲ್ಲ. ಗಿಡದ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಉದ್ದನೆಯ ಬೆರಳುಗಳ ಉಗುರಿನಿಂದ ಮೊದಲ ಗಂಟನ್ನು ಮೀಟಿ ಬಿಡಿಸತೊಡಗಿದಳು.

"ಅಲ್ಲೇ ನಿಂತರೆ ಏನು ಗೊತ್ತಾಗುತ್ತೆ? ಕೂತ್ಕೊಳ್ಳಿ. ಹತ್ತಿರ ಬಂದು ನೋಡಿ."

ಕಾಜಮ್ಮ ಮಂಡಿಯ ನೋವನ್ನು ಲೆಕ್ಕಿಸದೆ ಪಕ್ಕದಲ್ಲಿ ಕೂತಳು. ಸೊಸೆ ದಾರವನ್ನು ಕೋಲಿಗೆ ಒಂದು ಸುತ್ತು, ಕಾಂಡಕ್ಕೆ ಒಂದು ಸುತ್ತು ಹಾಕಿ, ನಡುವೆ ತನ್ನ ಕಿರುಬೆರಳನ್ನು ತೂರಿಸಿ ತೋರಿಸಿದಳು.

"ಇಷ್ಟು ಜಾಗ ಬಿಡಬೇಕು. ಬಿದ್ದರೆ ಹಿಡಿಯೋ ಹಾಗಿರಬೇಕು, ಬೆಳೆದರೆ ತಡೀಬಾರದು. ಗೊತ್ತಾಯ್ತಾ?"

ಕಾಜಮ್ಮನಿಗೆ ಗೊತ್ತಾಗಿತ್ತು. ಮೊದಲ ಸಲಕ್ಕೇ ಗೊತ್ತಾಗಿತ್ತು.

"ಇಲ್ಲ ತಾಯಿ," ಎಂದಳು. "ಇನ್ನೊಂದು ಸಲ ಹೇಳು."